ಕೂಸಿನ ಮೌನವೂ ತಾಯಿಯ ಮೇಲಣ ಅಪವಾದವೂ

ಎರಡು ವರ್ಷ ತುಂಬಿದ ಕೂಸು ಹೆಸರು ಹಿಡಿದು ಕರೆದರೆ ತಿರುಗಿ ನೋಡುವದಿಲ್ಲ. ಬೇಕಾದ ವಸ್ತುವನ್ನು ಬೆರಳು ಮಾಡಿ ತೋರಿಸುವದಿಲ್ಲ. ಕಿವಿ ನೆಟ್ಟಗಿವೆ. ವೈದ್ಯರು ಪರೀಕ್ಷಿಸಿ ಇದು ಆಟಿಸಂ, ಅಂದರೆ ಸ್ವಲೀನತೆ, ಎಂದು ಹೇಳಿದ ಕೂಡಲೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಕಡೆಯ ಎಷ್ಟೋ ಮನೆಗಳಲ್ಲಿ ಒಂದು ವಿಚಾರಣೆ ಆರಂಭವಾಗುವದು. ಗ್ರಹಣದ ಹೊತ್ತಿನಲ್ಲಿ ಸೊಸೆ ಹೊರಗೆ ಬಂದಿದ್ದಳೆ? ಕುಬುಸವಾದ ಮೇಲೂ ಮಗ್ಗಕ್ಕೆ ಕುಳಿತಿದ್ದಳೆ? ಆರೋಪಿ ಒಬ್ಬಳೇ, ನ್ಯಾಯಾಧೀಶರು ಮನೆತುಂಬ.

ಇದನ್ನು ನಮ್ಮ ಹಳ್ಳಿಗಳ ಅಜ್ಞಾನವೆಂದು ಹಳಿದು ಸುಮ್ಮನಾಗುವಂತಿಲ್ಲ. 1943 ರಲ್ಲಿ ಅಮೇರಿಕೆಯ ಡಾ. ಲಿಯೊ ಕ್ಯಾನರರು 11 ಮಕ್ಕಳ ಲಕ್ಷಣಗಳನ್ನು ವರ್ಣಿಸಿದ ತರುವಾಯ, ತಾಯಿಯ ವಾತ್ಸಲ್ಯಹೀನತೆಯೇ ಇದರ ಮೂಲವೆಂಬ ವಾದವು ಆ ಸುಧಾರಿಸಿದ ದೇಶದಲ್ಲಿಯೇ ಹಬ್ಬಿತು. 1967 ರಲ್ಲಿ ಬ್ರುನೊ ಬೆಟಲ್‌ಹೈಮರು ಅದಕ್ಕಾಗಿ ಗ್ರಂಥವನ್ನೇ ಬರೆದರು. ಆ ವಾದವು ಈಗ ನೆಲಕಚ್ಚಿದೆ. ಐದು ದೇಶಗಳ 20 ಲಕ್ಷ ಮಕ್ಕಳನ್ನು ಕುರಿತು 2019 ರಲ್ಲಿ ಪ್ರಕಟವಾದ ಶೋಧವು ಶೇಕಡಾ ಸುಮಾರು 80 ರಷ್ಟು ಪಾಲನ್ನು ಆನುವಂಶಿಕತೆಗೇ ಕೊಟ್ಟಿದೆ. ಆನುವಂಶಿಕತೆಯೆಂದರೆ ಸೊಸೆಯ ತವರು ಎಂದಷ್ಟೇ ತಿಳಿಯುವವರಿಗೆ ಒಂದು ಮಾತು: ತಂದೆಯ ವಯಸ್ಸು ಏರಿದಂತೆಯೂ ಇದರ ಸಂಭವವು ಹೆಚ್ಚುವದು.

ಹಾಗಾದರೆ ಬಸಿರು-ಹೆರಿಗೆಗಳಿಗೆ ಸಂಬಂಧವೇ ಇಲ್ಲವೆ? ಇದೆ. ದಿನ ತುಂಬುವ ಮೊದಲೇ ಹುಟ್ಟಿದ, ತೀರ ಕಡಿಮೆ ತೂಕದ, ಹುಟ್ಟುವಾಗ ಉಸಿರು ಕಟ್ಟಿದ ಕೂಸುಗಳಲ್ಲಿ, ಬಸಿರಿನಲ್ಲಿ ಸಕ್ಕರೆ ರೋಗವಿದ್ದ ತಾಯಂದಿರ ಮಕ್ಕಳಲ್ಲಿ, ಇದು ತುಸು ಹೆಚ್ಚಾಗಿ ಕಾಣುವದು. ಆದರೆ ಇಂಥ ಮಕ್ಕಳೊಳಗೆ ಬಹುಸಂಖ್ಯಾತರಿಗೆ ಆಟಿಸಂ ಬರುವದಿಲ್ಲ. ಬಸಿರಿನ ಮೊದಲ ತಿಂಗಳುಗಳಲ್ಲಿ ತಾಯಿಗೆ ತಗಲುವ ರುಬೆಲ್ಲಾ ಇನ್ನೊಂದು ಕಾರಣ. ಅದರ ಲಸಿಕೆಯನ್ನು 2017 ರ ಫೆಬ್ರುವರಿಯಲ್ಲಿ ನಮ್ಮ ಪ್ರಾಂತದ ಮಕ್ಕಳಿಗೆಲ್ಲ ಹಾಕುವ ಕಾರ್ಯ ಆರಂಭವಾಯಿತು. ಅದೇ ರೋಗದ ಲಸಿಕೆಯುಳ್ಳ ಚುಚ್ಚುಮದ್ದಿನಿಂದಲೇ ಆಟಿಸಂ ಬರುವದೆಂದು 1998 ರಲ್ಲಿ ಸುದ್ದಿ ಹಬ್ಬಿಸಿದ ಲೇಖನವನ್ನು ಲ್ಯಾನ್ಸೆಟ್ ಪತ್ರಿಕೆಯು 2010 ರಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ಸುದ್ದಿ ಮಾತ್ರ ಇನ್ನೂ ತಿರುಗುತ್ತಲಿದೆ.

ನಮಗೆ ಎಲ್ಲಕ್ಕೂ ಮಿಗಿಲಾದ ಕಳವಳದ ಸಂಗತಿ ಬೇರೆಯೇ ಇದೆ. ಮೂರ್ಛೆರೋಗಕ್ಕೆ ಕೊಡುವ ವ್ಯಾಲ್ಪ್ರೊಯೇಟ್ ಎಂಬ ಗುಳಿಗೆಯನ್ನು ಬಸಿರಿನಲ್ಲಿ ನುಂಗಿದ ತಾಯಂದಿರ ಮಕ್ಕಳಲ್ಲಿ ಆಟಿಸಂ ನೂರಕ್ಕೆ 4.4 ರಷ್ಟು, ಸಾಮಾನ್ಯವಾಗಿ 1.5 ರಷ್ಟು ಎಂದು 2013 ರಲ್ಲಿ ಡೆನ್ಮಾರ್ಕದ ಶೋಧಕರು ತೋರಿಸಿದರು. ನಮ್ಮಲ್ಲಿ ಕನ್ಯೆಗೆ ಮೂರ್ಛೆ ಬರುವದನ್ನು ಮುಚ್ಚಿ ಲಗ್ನ ಮಾಡುವದುಂಟು. ಆಕೆ ಗಂಡನ ಮನೆಯಲ್ಲಿ ಗುಳಿಗೆಯನ್ನು ಸೀರೆಯ ಮಡಿಕೆಯಲ್ಲಿ ಬಚ್ಚಿಟ್ಟು ನುಂಗುವಳು. ಬಸಿರಾದಾಗ ಅತ್ತೆಯ ಎದುರು ಡಾಕ್ಟರರಿಗೆ ಹೇಳಲಾರಳು. ಹೆದರಿ ತಾನಾಗಿಯೇ ನಿಲ್ಲಿಸಿದರೆ ಮೂರ್ಛೆ ಮರುಕಳಿಸಿ ತಾಯಿ-ಕೂಸು ಇಬ್ಬರ ಜೀವಕ್ಕೂ ಅಪಾಯ. ಬಸಿರಾಗುವ ಮೊದಲೇ ತಜ್ಞರನ್ನು ಕಂಡರೆ ಬೇರೆ ಔಷಧಕ್ಕೆ ಬದಲಿಸಲು ಬಹುಮಟ್ಟಿಗೆ ಸಾಧ್ಯವಿದೆ. ಆದರೆ ಮುಚ್ಚಿಟ್ಟ ಮನೆಯಲ್ಲಿ ಮೊದಲೇ ಕಾಣುವದೆಂತು?

ಇನ್ನು ಚೊಚ್ಚಲ ಹೆರಿಗೆ ತವರಿನದು. ಹುನಗುಂದದ ಸೊಸೆ ಬಾದಾಮಿಯಲ್ಲಿ ಹಡೆಯುವಳು. ಕೂಸು ತಡವಾಗಿ ಅತ್ತ ಸಂಗತಿ ಆಸ್ಪತ್ರೆಯ ಚೀಟಿಯೊಡನೆ ಅಲ್ಲಿಯೇ ಉಳಿಯುವದು. 2013 ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಅಂಗನವಾಡಿಗಳಿಗೆ ಬಂದು ಮಕ್ಕಳನ್ನು ಪರೀಕ್ಷಿಸುವ ಏರ್ಪಾಡಿದೆ. ಅವರೆದುರು ಇಡಬೇಕಾದುದು ಆ ಚೀಟಿಯೇ. ತೊಟ್ಟಿಲು-ಬುತ್ತಿಗಳೊಡನೆ ಬಾಣಂತಿಯನ್ನು ಕರೆತರಲು ಹೋಗುವ ಹಿರಿಯರು ಅದನ್ನೂ ಕೇಳಿ ತರಬೇಕು.