ಡೇಟ್ ಸಿಕ್ಕಿತ್ತು, ಆಪರೇಷನ್ ಆಗಲಿಲ್ಲ

ಕೋವಿಡ್ ಅಂದ್ರೆ ನಮಗೆ ನೆನಪಾಗೋದು ಬೆಡ್, ಆಕ್ಸಿಜನ್, ಲಸಿಕೆ. ಜ್ವರ, ಕೆಮ್ಮು ಏನೂ ಇಲ್ಲದೆ ಆಗ ಕಷ್ಟಪಟ್ಟವರೂ ಇದ್ದರು: ಆಪರೇಷನ್‌ಗೆ ಡೇಟ್ ಸಿಕ್ಕು, ಅದು ಕ್ಯಾನ್ಸಲ್ ಆದವರು. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿರೋ ನಮ್ಮ ಮನೆಯೂ ಆ ಪಟ್ಟಿಯಲ್ಲಿತ್ತು. ಅಪ್ಪನ ಹರ್ನಿಯಾ ಆಪರೇಷನ್ ತಿಂಗಳುಗಟ್ಟಲೆ ಮುಂದಕ್ಕೆ ಹೋಯ್ತು. ಒಳಗೆ ನನ್ನ ಆಫೀಸ್ ಕಾಲ್, ಪಡಸಾಲೆಯಲ್ಲಿ ಬೆಲ್ಟ್ ಕಟ್ಟಿಕೊಂಡು ಕೂತ ಅಪ್ಪ.

ಯಾಕೆ ನಿಲ್ಲಿಸಿದರು?

ತುರ್ತಲ್ಲದ ಆಪರೇಷನ್‌ಗಳನ್ನು ಮುಂದೂಡಿ ಅಂತ ಕೇಂದ್ರ ಆರೋಗ್ಯ ಸಚಿವಾಲಯ 2020ರ ಮಾರ್ಚ್‌ನಲ್ಲೇ ಹೇಳಿತ್ತು. ಕಾರಣ ಬೆಡ್ ಒಂದೇ ಅಲ್ಲ. ವೆಂಟಿಲೇಟರ್ ನಡೆಸಲು ಪಳಗಿದವರು ಅರಿವಳಿಕೆ ತಜ್ಞರು. ಅವರು ಐಸಿಯುಗೆ ಹೋದರೆ ಥಿಯೇಟರ್ ತಾನಾಗಿಯೇ ನಿಲ್ಲುತ್ತೆ. ಜೊತೆಗೆ, ಹೊರಗಿನ ಸೋಂಕು ಒಳಬರದಂತೆ ಥಿಯೇಟರಿನ ಗಾಳಿಯನ್ನು ಸಾಮಾನ್ಯವಾಗಿ ಹೊರಕ್ಕೆ ತಳ್ಳುವಂತೆ ಕಟ್ಟಿರುತ್ತಾರೆ. ರೋಗಿಗೇ ಕೋವಿಡ್ ಇದ್ದರೆ ಅದೇ ಗಾಳಿ ಕಾರಿಡಾರ್‌ಗೆ ಅಪಾಯ!

ರೋಗಿಗೂ ಅಪಾಯ ಕಡಿಮೆ ಇರಲಿಲ್ಲ. 24 ದೇಶಗಳಲ್ಲಿ ಆಪರೇಷನ್‌ನ ಆಸುಪಾಸಿನಲ್ಲಿ ಕೋವಿಡ್ ತಗುಲಿದ 1,128 ರೋಗಿಗಳನ್ನು 'ಕೋವಿಡ್‌ಸರ್ಜ್' ತಂಡ ಗಮನಿಸಿತು. 30 ದಿನದೊಳಗೆ ಶೇ 23.8ರಷ್ಟು ಜನ ತೀರಿಕೊಂಡಿದ್ದರು. ಇದನ್ನು ಓದಿದ ಮೇಲೆ ನನ್ನ ಸಿಟ್ಟು ಇಳಿಯಿತು.

ಹಾಗಾಗಿ ಪಟ್ಟಿ ಮೂರು ಭಾಗವಾಯಿತು. ಸಿಸೇರಿಯನ್, ಅಪಘಾತ, ಒಡೆದ ಅಪೆಂಡಿಕ್ಸ್ ತಕ್ಷಣ. ಕ್ಯಾನ್ಸರ್ ಕೆಲವೇ ವಾರದೊಳಗೆ. ಹರ್ನಿಯಾ, ಕಣ್ಣಿನ ಪೊರೆ, ಮಂಡಿ ಆಮೇಲೆ. 2021ರಲ್ಲಿ ಬ್ಲ್ಯಾಕ್ ಫಂಗಸ್ ಬಂದಾಗ ಮಾತ್ರ ಲೆಕ್ಕ ತಲೆಕೆಳಗಾಯಿತು. ಮೂಗು, ಕಣ್ಣು, ದವಡೆಯ ಸರ್ಜನ್‌ಗಳು ಒಟ್ಟಿಗೆ ಥಿಯೇಟರ್‌ಗೆ ಇಳಿಯಬೇಕಾಯಿತು.

ಕಲಿಯೋರ ಕಥೆ

ಸರ್ಜರಿ ವಿಡಿಯೋ ನೋಡಿ ಬರೋ ವಿದ್ಯೆ ಅಲ್ಲ. ಹಿರಿಯರ ಪಕ್ಕ ನಿಂತು, ಕೈಜೋಡಿಸಿ ಕಲಿಯಬೇಕು. ನಮ್ಮ ವಿಮ್ಸ್‌ನಂಥ ಬೋಧನಾ ಆಸ್ಪತ್ರೆಗಳ ಬೆನ್ನೆಲುಬೇ ಪಿಜಿ ವಿದ್ಯಾರ್ಥಿಗಳು. ಕೋವಿಡ್ ಕಾಲದಲ್ಲಿ ದೇಶದ ಎಲ್ಲೆಡೆ ಸರ್ಜರಿ ಪಿಜಿಗಳು ಕೋವಿಡ್ ವಾರ್ಡ್ ಡ್ಯೂಟಿಗೆ ಹೋದರು. ಪಾಠ ಆನ್‌ಲೈನ್ ಆಯ್ತು, ಥಿಯೇಟರಿನೊಳಗೆ ಆದಷ್ಟು ಕಡಿಮೆ ಜನ ಅನ್ನೋ ನಿಯಮ ಬಂತು. ಹೊಲಿಗೆಯನ್ನು ಮಾದರಿಗಳ ಮೇಲೆ ರೂಢಿ ಮಾಡಿಕೊಳ್ಳಬಹುದು, ರಕ್ತ ಚಿಮ್ಮಿದಾಗ ಕೈ ನಡುಗದಿರೋದನ್ನು ಅಲ್ಲಿ ಕಲಿಯೋಕಾಗಲ್ಲ.

ಮೇಲಾಗಿ, 2021ರ ಜನವರಿಯಲ್ಲಿ ಆಗಬೇಕಿದ್ದ ನೀಟ್-ಪಿಜಿ ನಡೆದದ್ದು ಸೆಪ್ಟೆಂಬರ್ 11ಕ್ಕೆ. ಕೌನ್ಸೆಲಿಂಗ್ ಶುರುವಾದದ್ದು 2022ರ ಜನವರಿಗೆ. ಹೊಸ ಬ್ಯಾಚ್ ಬರೋವರೆಗೂ ಅವರ ಪಾಲಿನ ಕೆಲಸ ಹಳಬರ ಹೆಗಲಿಗೆ ಬಿತ್ತು. ಟೀಮಿಗೆ ಒಂದು ವರ್ಷ ಹೊಸಬರೇ ಬರದಿದ್ದರೆ ಏನಾಗುತ್ತೆ ಅಂತ ಐಟಿಯವರಿಗೆ ಬಿಡಿಸಿ ಹೇಳಬೇಕಿಲ್ಲ.

ನಾವು ತಿಳಿದಿರಬೇಕಾದ್ದು

ಕೋವಿಡ್ ಮತ್ತು ಕೋವಿಡ್ ಅಲ್ಲದ ವಿಭಾಗಗಳನ್ನು ಪೂರ್ತಿ ಬೇರೆ ಇಟ್ಟ ಕಡೆ ಆಪರೇಷನ್ ಹೆಚ್ಚು ಸುರಕ್ಷಿತವಾಗಿತ್ತು. ಸೋಂಕು ತಗುಲಿದ ಮೇಲೆ, ಸಾಧ್ಯವಿದ್ದರೆ 7 ವಾರ ಕಾಯುವುದು ಒಳ್ಳೆಯದು ಅಂತ 2021ರಲ್ಲಿ ಇನ್ನೊಂದು ದೊಡ್ಡ ಅಧ್ಯಯನ ಹೇಳಿತು.

ಇವೆಲ್ಲ ಆಸ್ಪತ್ರೆಯವರ ಲೆಕ್ಕ. ಮನೆಯವರ ಲೆಕ್ಕ ಬೇರೆ: ಕಾಯೋದಕ್ಕಿಂತ ಕಷ್ಟ, ಎಲ್ಲಿಯವರೆಗೆ ಅಂತ ಯಾರೂ ಹೇಳದಿರೋದು. ಡೇಟ್ ಮುಂದಕ್ಕೆ ಹೋದರೆ ಡಾಕ್ಟರ್ ಹತ್ರ ಒಂದು ಪ್ರಶ್ನೆ ತಪ್ಪದೇ ಕೇಳಿ: "ಏನಾದರೆ ತಕ್ಷಣ ಬರಬೇಕು?" ಹರ್ನಿಯಾ ಗಟ್ಟಿಯಾಗಿ, ಒಳಗೆ ಹೋಗದೆ, ನೋವು ವಾಂತಿ ಶುರುವಾದರೆ ಅದು ತುರ್ತು. ಆಗ ಯಾವ ಪಟ್ಟಿಗೂ ಕಾಯಬೇಡಿ.