ಕಂಪ್ಯೂಟರಿಗೂ ಸೆಕೆಯಾಗುತ್ತದೆ!

ಹೊಸಪೇಟೆ, ಕಂಪ್ಲಿ, ಸಂಡೂರಿನ ಬೇಸಿಗೆ ಹೇಗಿರುತ್ತದೆಂದು ನಿಮಗೆ ವಿವರಿಸಬೇಕಾಗಿಲ್ಲ. ಬಿಸಿಲು 40 ಡಿಗ್ರಿ ಮುಟ್ಟಿದಾಗ ಮನೆಯ ಮೂಲೆಯಲ್ಲಿರುವ ಕಂಪ್ಯೂಟರ್ ಕೂಡಾ ಬಳಲುತ್ತದೆ. ಫ್ಯಾನ್ ಜೋರಾಗಿ ಸದ್ದು ಮಾಡುತ್ತದೆ, ಕೆಲಸ ನಿಧಾನವಾಗುತ್ತದೆ. ಮಗಳು ಪಾಠ ಟೈಪ್ ಮಾಡುತ್ತಿರುವಾಗಲೇ ಒಮ್ಮೆಲೇ ಆಫ್ ಆಗಿಬಿಡುತ್ತದೆ. ಹಾಗೆಂದು ಹೊಸತನ್ನು ಖರೀದಿಸಲು ಹೊರಡಬೇಕೇ? ಸ್ವಲ್ಪ ತಾಳಿ.

ಬಿಸಿ ಹೋಗುವ ದಾರಿ

ಕಂಪ್ಯೂಟರಿನ ಮಿದುಳು ಪ್ರೊಸೆಸರ್. ಅದರ ಮೇಲೆ ಕೂರುವ ಲೋಹದ ತುಂಡು ಹೀಟ್ ಸಿಂಕ್. ಇದು ಬಿಸಿಯನ್ನು ಹೀರಿ ಫ್ಯಾನಿನ ಗಾಳಿಗೆ ಕೊಡುತ್ತದೆ. ತಳ ಡೊಂಕಾದ ಕಾವಲಿಯನ್ನು ವಿದ್ಯುತ್ ಒಲೆಯ ಮೇಲಿಟ್ಟರೆ ರೊಟ್ಟಿ ಒಂದು ಕಡೆ ಕರಟುತ್ತದೆ, ಇನ್ನೊಂದು ಕಡೆ ಹಸಿಯಾಗಿಯೇ ಉಳಿಯುತ್ತದಲ್ಲವೇ? ಇಲ್ಲಿಯೂ ಅಷ್ಟೇ. ಎರಡು ಲೋಹಗಳ ನಡುವೆ ಗಾಳಿ ಉಳಿದರೆ ಬಿಸಿ ದಾಟುವುದಿಲ್ಲ. ತಾಮ್ರವು ಗಾಳಿಗಿಂತ ಸುಮಾರು 15,000 ಪಟ್ಟು ಚೆನ್ನಾಗಿ ಬಿಸಿಯನ್ನು ಸಾಗಿಸುತ್ತದೆ. ಆ ಸಂದು ತುಂಬಲೆಂದೇ ಥರ್ಮಲ್ ಪೇಸ್ಟ್ ಹಚ್ಚುತ್ತಾರೆ.

ಮಸೆಯುವ ಉಪಾಯ

ಕಂಪ್ಯೂಟರ್ ಹುಚ್ಚಿನ ಕೆಲವು ಹುಡುಗರು ಹೀಟ್ ಸಿಂಕಿನ ತಳವನ್ನೇ ಮಸೆದು ಸಮ ಮಾಡುತ್ತಾರೆ. ಇದಕ್ಕೆ ಲ್ಯಾಪಿಂಗ್ ಎನ್ನುತ್ತಾರೆ. ದಪ್ಪ ಗಾಜಿನ ಮೇಲೆ ವಾಟರ್ ಪೇಪರ್ ಹರಡಿ, ನೀರು ಚಿಮುಕಿಸಿ, ಒತ್ತದೆ ಉಜ್ಜುವುದು. ಮೊದಲು 400 ನಂಬರಿನ ಕಾಗದ, ಆಮೇಲೆ 800, ಕೊನೆಗೆ 1500. ತಳಕ್ಕೆ ಮಾರ್ಕರಿನಿಂದ ಗೆರೆ ಎಳೆದಿದ್ದರೆ, ತಗ್ಗಿದ್ದಲ್ಲಿ ಶಾಯಿ ಉಳಿದು ಡೊಂಕು ಕಾಣುತ್ತದೆ.

ಹಂಪಿಯ ಹಜಾರ ರಾಮ ದೇವಾಲಯದ ಕಪ್ಪು ಕಲ್ಲಿನ ಕಂಬಗಳ ಹೊಳಪನ್ನು ನೀವು ನೋಡಿರಬಹುದು. ಹೀಟ್ ಸಿಂಕಿಗೆ ಅಂಥ ಹೊಳಪು ಬೇಕಿಲ್ಲ, ಸಮತಟ್ಟಾಗಿದ್ದರೆ ಸಾಕು. ಸ್ಟೀಲ್ ಲೋಟವೂ ಹೊಳೆಯುತ್ತದೆ, ಆದರೆ ಅದರಲ್ಲಿ ಮುಖ ಸೊಟ್ಟಗೆ ಕಾಣುತ್ತದೆ!

ತಳ ನಿಜಕ್ಕೂ ಡೊಂಕಾಗಿದ್ದರೆ ಕೆಲವು ಡಿಗ್ರಿ ಇಳಿಯುತ್ತದೆ. ಮೊದಲೇ ಸಮವಾಗಿದ್ದರೆ ಶ್ರಮ ವ್ಯರ್ಥ. ಸ್ಟೀಲ್ ಸ್ಕೇಲನ್ನು ತಳಕ್ಕೆ ಅಡ್ಡಲಾಗಿಟ್ಟು ಬೆಳಕಿಗೆ ಹಿಡಿಯಿರಿ. ಸಂದಿನಲ್ಲಿ ಬೆಳಕು ಕಾಣದಿದ್ದರೆ ಮಸೆಯುವ ಗೋಜಿಗೆ ಹೋಗಬೇಡಿ.

ಪ್ರೊಸೆಸರನ್ನು ಉಜ್ಜಬೇಡಿ

ಮಗ ಪ್ರೊಸೆಸರನ್ನೂ ಮಸೆಯುತ್ತೇನೆಂದರೆ ತಡೆಯಿರಿ. ಅದರ ಮೇಲಿನ ಹೆಸರು, ನಂಬರು ಅಳಿಸಿ ವಾರಂಟಿ ಹೋಗುತ್ತದೆ. ಲೋಹದ ಪುಡಿ ಒಳಗೆ ಬಿದ್ದರೆ ಶಾರ್ಟ್ ಆಗಬಹುದು. ಲ್ಯಾಪ್‌ಟಾಪಿನಲ್ಲಂತೂ ಚಿಪ್ ಮೇಲೆ ಲೋಹದ ಮುಚ್ಚಳವೇ ಇರುವುದಿಲ್ಲ. ಅದನ್ನು ಉಜ್ಜಿದರೆ ಕಥೆ ಮುಗಿದಂತೆ. ಕೆಲವು ಡಿಗ್ರಿಯ ಆಸೆಗೆ ಸಾವಿರಾರು ರೂಪಾಯಿಯ ವಸ್ತುವನ್ನು ಪಣಕ್ಕಿಡುವುದು ಜಾಣತನವಲ್ಲ.

ಮೊದಲು ಧೂಳು ಕೊಡವಿ

ನಮ್ಮ ಕಡೆಯ ನಿಜವಾದ ಶತ್ರು ಧೂಳು. ಸಂಡೂರು ಕಡೆ ಅದಿರಿನ ಕೆಂಪು ಧೂಳು, ಕಂಪ್ಲಿ ಕಡೆ ಭತ್ತದ ಧೂಳು. ಅದು ಹೀಟ್ ಸಿಂಕಿನ ಎಲೆಗಳ ನಡುವೆ ಕಂಬಳಿಯಂತೆ ಕೂರುತ್ತದೆ. ಪ್ಲಗ್ ತೆಗೆದು, ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದು, ಒಣ ಬ್ರಷ್‌ನಿಂದ ಕೊಡವಿ. ಒದ್ದೆ ಬಟ್ಟೆ ಬೇಡ. ಹೀಟ್ ಸಿಂಕ್ ಬಿಚ್ಚಿದರೆ ಹಳೆಯ ಪೇಸ್ಟ್ ಒರೆಸಿ ಹೊಸದನ್ನು ಹಚ್ಚಲೇಬೇಕು. ಬಟಾಣಿ ಕಾಳಿನಷ್ಟು ಸಾಕು, ಹೆಚ್ಚು ಹಚ್ಚಿದರೆ ತಂಪು ಹೆಚ್ಚುವುದಿಲ್ಲ. ಡಬ್ಬವನ್ನು ಗೋಡೆಗೆ ಅಂಟಿಸಿಡಬೇಡಿ, ಹಿಂದೆ ಒಂದು ಗೇಣು ಜಾಗ ಬಿಡಿ.

ಇನ್ನೊಂದು ಮಾತು ನೆನಪಿಡಿ. ಎಷ್ಟೇ ಮಸೆದರೂ ಫ್ಯಾನ್ ಬೀಸುವುದು ಕೋಣೆಯ ಗಾಳಿಯನ್ನೇ. ಅದು ಕೋಣೆಗಿಂತ ತಂಪಾಗಿಸಲಾರದು. ಆದ್ದರಿಂದ ಮೇ ತಿಂಗಳ ಮಧ್ಯಾಹ್ನದ ಭಾರೀ ಕೆಲಸವನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳಿ. ಕಂಪ್ಯೂಟರ್‌ಗೂ ಒಳ್ಳೆಯದು, ನಿಮಗೂ ಒಳ್ಳೆಯದು.