ನಗದು ಟಿ.ವಿ.ಗೆ, ಉದ್ರಿ ಪೇಟೆ ಅಂಗಡಿಗೆ!

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಈ ನಾಲ್ಕು ಊರಿಗೂ ರೈಲಿಲ್ಲ. ಜನ ಬಂದರೂ ಬಸ್ಸು, ಸಾಮಾನು ಬಂದರೂ ಬಸ್ಸು. ಮನೆಗೊಂದು ಒಳ್ಳೆ ಮಿಕ್ಸಿ ಬೇಕು, ಹಬ್ಬಕ್ಕೆ ನಾಲ್ಕು ಸೀರೆ ಹರವಿ ನೋಡಿ ಆರಿಸಬೇಕು ಅಂದರೆ ಜಗಳೂರಿನವರು ದಾವಣಗೆರೆಗೆ ಹೊರಡಬೇಕು, ನ್ಯಾಮತಿಯವರು ಶಿವಮೊಗ್ಗದ ಗಾಂಧಿ ಬಜಾರಿಗೆ. ಬಸ್ ಚಾರ್ಜು, ಮಧ್ಯಾಹ್ನದ ಊಟ, ಒಂದು ದಿನದ ಕೆಲಸ ಎಲ್ಲ ಲೆಕ್ಕ ಹಾಕಿದರೆ ಸೀರೆಗಿಂತ ದಾರಿ ಖರ್ಚೇ ಜಾಸ್ತಿ. (2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ಆ ಮಾತು ಬೇರೆ.)

ಇಂಥ ಊರುಗಳಿಗೆ ಒಂದು ಅಂಗಡಿ ತಾನೇ ನಡೆದುಕೊಂಡು ಬಂತು. ಅದಕ್ಕೆ ಷಟರ್ ಇಲ್ಲ, ವಾರದ ರಜೆ ಇಲ್ಲ, ಅಮಾವಾಸ್ಯೆ ಹುಣ್ಣಿಮೆ ಇಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ನೋಡಿದರೂ ಒಬ್ಬಾಕೆ ನಗುನಗುತ್ತಾ ತವಾ ಮಾರುತ್ತಲೇ ಇರುತ್ತಾಳೆ. ಅದೇ ಟಿ.ವಿ. ಅಂಗಡಿ.

ಪೇಟೆಯವರು ಮೊದಮೊದಲು ಇದನ್ನು ತಮಾಷೆ ಅಂದುಕೊಂಡರು. 'ಮುಟ್ಟಿ ನೋಡದೆ ಯಾರ್ ತಗಂತಾರೆ?' ಎಂಬ ಧೈರ್ಯ. ಆದರೆ ನಮ್ಮ ಜನ ಮುಟ್ಟದೆಯೇ ತಗೊಂಡರು. ಅದೂ ರೊಕ್ಕ ಎಣಿಸಿ ಕೊಟ್ಟು! ಅದೇ ಮನೆಯವರು ಸಂಜೆ ಬಂದು ಸಕ್ಕರೆ, ಎಣ್ಣೆ, ಸೋಪು ಕಟ್ಟಿಸಿಕೊಂಡು 'ಅಡಿಕೆ ರೊಕ್ಕ ಬರ್ಲಿ, ಕೊಡ್ತೀನಿ' ಅಂದಾಗ ಅಂಗಡಿಯವರ ಮುಖ ಹೇಗಾಗಿರಬೇಡ? ನಗದು ಅತ್ತ, ಉದ್ರಿ ಇತ್ತ.

ಡಬ್ಬಿ ತೆರೆಯುವ ಸಾಧನದಿಂದ ಶುರು

ಇದು ಹುಟ್ಟಿದ್ದು ಅಮೆರಿಕದಲ್ಲಿ, ಒಂದು ವಸೂಲಾಗದ ಸಾಲದಿಂದ. 1977ರಲ್ಲಿ ಫ್ಲಾರಿಡಾ ರಾಜ್ಯದ ಕ್ಲಿಯರ್‌ವಾಟರ್ ಎಂಬ ಊರಿನ ಸಣ್ಣ ರೇಡಿಯೋ ಕೇಂದ್ರಕ್ಕೆ ಒಬ್ಬ ಜಾಹೀರಾತುದಾರ ಹಣ ಕೊಡಲಾರದೆ, ಅದರ ಬದಲು ತಗಡಿನ ಡಬ್ಬಿ ತೆರೆಯುವ 112 ಕರೆಂಟಿನ ಸಾಧನಗಳನ್ನು ತಂದು ಹಾಕಿದ. ಅವನ್ನಿಟ್ಟುಕೊಂಡು ಏನು ಮಾಡುವುದು? ಕೇಂದ್ರದ ಒಡೆಯ ಪ್ಯಾಕ್ಸನ್ ತನ್ನ ನಿರೂಪಕನಿಗೆ ರೇಡಿಯೋದಲ್ಲೇ ಮಾರು ಅಂದ. ಬೆಲೆ 9 ಡಾಲರ್ 95 ಸೆಂಟ್. ಅಷ್ಟೂ ಖಾಲಿ! ಅದೇ ಪ್ಯಾಕ್ಸನ್, ಪಾಲುದಾರ ಸ್ಪಿಯರ್ ಜೊತೆ ಸೇರಿ 1982ರಲ್ಲಿ ಊರಿನ ಕೇಬಲ್‌ನಲ್ಲಿ ಟಿ.ವಿ. ಅಂಗಡಿ ತೆರೆದ. 1985ರಲ್ಲಿ ಅದು ಹೋಮ್ ಶಾಪಿಂಗ್ ನೆಟ್‌ವರ್ಕ್ ಎಂಬ ಹೆಸರಲ್ಲಿ ದೇಶಕ್ಕೆಲ್ಲ ಹಬ್ಬಿತು. ಮರುವರ್ಷವೇ ಕ್ಯೂ.ವಿ.ಸಿ. ಎಂಬ ಪ್ರತಿಸ್ಪರ್ಧಿ ಹುಟ್ಟಿತು. 2017ರಲ್ಲಿ ಆ ಪ್ರತಿಸ್ಪರ್ಧಿಯ ಒಡೆಯರೇ ಹಳೇ ಅಂಗಡಿಯನ್ನು ಪೂರ್ತಿ ಕೊಂಡುಕೊಂಡರು.

ನಮ್ಮಲ್ಲಿ 1990ರ ದಶಕದಲ್ಲಿ ಡಿಶ್ ಆಂಟೆನಾ, ಕೇಬಲ್ ಬಂದ ಹಿಂದೆಯೇ ಇದೂ ಬಂತು. ಆಗ ಪೂರ್ತಿ ಚಾನೆಲ್ ಇಲ್ಲ. ಬೆಳಗಿನ ಜಾವ, ನಡುರಾತ್ರಿ, ಯಾರೂ ನೋಡದ ಹೊತ್ತನ್ನು ಅಗ್ಗದಲ್ಲಿ ಕೊಂಡು ಅರ್ಧ ಗಂಟೆ ಮಾರಾಟ. ಏಷ್ಯನ್ ಸ್ಕೈ ಶಾಪ್, ಟೆಲಿಬ್ರಾಂಡ್ಸ್ ಎಂಬ ಹೆಸರುಗಳು ಹಳಬರಿಗೆ ನೆನಪಿರಬಹುದು. ಬೆವರಿಳಿಸಿ ಹೊಟ್ಟೆ ಕರಗಿಸುವ ಬೆಲ್ಟು, ಕೀಲುನೋವಿನ ಎಣ್ಣೆ, ಎತ್ತರ ಬೆಳೆಸುವ ಪುಡಿ... ದಪ್ಪಗಿದ್ದ ವಿದೇಶಿ ಮನುಷ್ಯ ಒಂದೇ ನಿಮಿಷದಲ್ಲಿ ಸಣ್ಣಗಾಗಿ ನಿಲ್ಲುವ ಚಿತ್ರ. ಬೊಜ್ಜು ಕರಗಿಸುತ್ತೇವೆ, ಎತ್ತರ ಹೆಚ್ಚಿಸುತ್ತೇವೆ ಎಂದು ಔಷಧಿಯ ಜಾಹೀರಾತು ಕೊಡಬಾರದು ಅಂತ 1954ರಲ್ಲೇ ಕಾನೂನಾಗಿದೆ. ಕಾನೂನಿಗೆ ಬಹುಶಃ ಆ ಹೊತ್ತಿಗೆ ನಿದ್ದೆ.

ಇನ್ನೊಂದು ವಿಚಿತ್ರ. ಕನ್ನಡಕ್ಕೆ ಸಿನಿಮಾ, ಧಾರಾವಾಹಿ ಡಬ್ ಮಾಡಬಾರದು ಎಂದು ಹೋರಾಟವೇ ನಡೆಯುತ್ತಿದ್ದ ಕಾಲ ಅದು. ಜಾಹೀರಾತಿನವನು ಮಾತ್ರ ಯಾರ ಅಪ್ಪಣೆಯನ್ನೂ ಕೇಳದೆ, ತುಟಿ ಒಂದು ಕಡೆ ಮಾತು ಒಂದು ಕಡೆ ಎಂಬಂತೆ ಕನ್ನಡ ಮಾತಾಡಿಕೊಂಡು ನಮ್ಮ ನಡುಮನೆಗೆ ಬಂದು ಕುಳಿತ. 'ನನ್ನ ಜೀವನವೇ ಬದಲಾಯಿತು' ಎಂಬ ಆ ಕನ್ನಡವನ್ನು ಚಿಕ್ಕ ಮಕ್ಕಳೂ ಅಣಕಿಸಿ ಆಡುತ್ತಿದ್ದರು.

ದಿನವಿಡೀ ಸಂತೆ

2008ರ ಏಪ್ರಿಲ್‌ನಲ್ಲಿ ನೆಟ್‌ವರ್ಕ್ 18 ಸಂಸ್ಥೆಯವರು ಹೋಮ್‌ಶಾಪ್ 18 ಆರಂಭಿಸಿದರು. ದೇಶದಲ್ಲಿ 24 ಗಂಟೆಯೂ ಮಾರಾಟಕ್ಕೇ ಮೀಸಲಾದ ಮೊದಲ ಚಾನೆಲ್ ಅದು. ಅದರ ಹಿಂದೆಯೇ ಕೊರಿಯಾದ ಸಿ.ಜೆ. ಕಂಪನಿ ಸ್ಟಾರ್ ಜೊತೆ ಸೇರಿ ಸ್ಟಾರ್ ಸಿ.ಜೆ. ತಂದಿತು, ಸ್ಟಾರ್ ಹೊರನಡೆದ ಮೇಲೆ ಅದೇ ಶಾಪ್ ಸಿ.ಜೆ. ಆಯಿತು. ನಾಪ್‌ತೋಲ್ 2008ರಲ್ಲಿ ಶುರುವಾದಾಗ ಕಂಪ್ಯೂಟರಿನಲ್ಲಿ ಬೆಲೆ ಹೋಲಿಸಿ ನೋಡುವ ಜಾಗವಾಗಿತ್ತು. ಹಿಂದಿಯ ಆ ಹೆಸರಿಗೆ ಅಳತೆ ತೂಕ ಎಂದೇ ಅರ್ಥ. ಅಳೆದು ತೂಗಿ ನೋಡುವುದನ್ನು ಬಿಟ್ಟು ಅದು ಮಾರಾಟಕ್ಕೇ ಇಳಿಯಿತು. ಮುಂದೆ ದಕ್ಷಿಣದ ಭಾಷೆಗಳಿಗೂ ಒಂದೊಂದು ಚಾನೆಲ್ ಮಾಡಿ ಕನ್ನಡಕ್ಕೂ ಬಂತು.

ನಮ್ಮ ನಾಲ್ಕು ಊರಿಗೆ ಇವು ಲಗ್ಗೆ ಇಟ್ಟಿದ್ದು ಸೆಟ್‌ಟಾಪ್ ಬಾಕ್ಸಿನ ಮೂಲಕ. ಹಳೇ ಕೇಬಲ್ಲಿನಲ್ಲಿ ಜಾಗ ಕಡಿಮೆ. ಸರ್ಕಾರ ಕೇಬಲ್ಲನ್ನೆಲ್ಲ ಡಿಜಿಟಲ್ ಮಾಡಹೊರಟಾಗ ಬೆಂಗಳೂರು, ಮೈಸೂರಿನ ಸರದಿ ಮೊದಲು ಮುಗಿಯಿತು. ಉಳಿದ ಪಟ್ಟಣಗಳಿಗೆ 2015ರ ಡಿಸೆಂಬರ್, ಹಳ್ಳಿಗಳಿಗೆ 2017ರ ಮಾರ್ಚ್ ಗಡುವು. ಬಾಕ್ಸು ಬಂತು, ಚಾನೆಲ್ಲುಗಳ ಸಾಲು ಬೆಳೆಯಿತು. ರಿಮೋಟ್ ಒತ್ತುತ್ತಾ ಹೋದರೆ ಧಾರಾವಾಹಿ, ಭಜನೆ, ವಾರ್ತೆ, ನಡುವೆ ತವಾ!

ಇಲ್ಲೊಂದು ಒಳಗುಟ್ಟಿದೆ. ಅಂಗಡಿಯವರು ತಿಳಿಯಬೇಕಾದದ್ದು. ಬೇರೆ ಚಾನೆಲ್ಲುಗಳಿಗೆ ನೋಡುವವರ ಚಂದಾ ಉಂಟು, ಜಾಹೀರಾತಿನ ಹಣ ಉಂಟು. ಟಿ.ವಿ. ಅಂಗಡಿಗೆ ಎರಡೂ ಇಲ್ಲ. ತನ್ನನ್ನು ತೋರಿಸಿ ಎಂದು ಕೇಬಲ್ ಮತ್ತು ಡಿಶ್ ಕಂಪನಿಗಳಿಗೆ ಅದೇ ಹಣ ಕಟ್ಟಬೇಕು. ಬಾಡಿಗೆ ಇಲ್ಲದ ಅಂಗಡಿ ಎಂದು ಪೇಟೆಯವರು ಹೊಟ್ಟೆ ಉರಿಸಿಕೊಂಡದ್ದು ಸುಳ್ಳು ಲೆಕ್ಕ. ಅದಕ್ಕೂ ಬಾಡಿಗೆ ಉಂಟು, ಫೋನ್ ಎತ್ತುವವರ ಸಂಬಳ ಉಂಟು, ಗೋದಾಮು ಉಂಟು, ಅಂಚೆ ಖರ್ಚು ಉಂಟು. ಇಷ್ಟೂ ಹುಟ್ಟಬೇಕಾದ್ದು ಆ ಒಂದು ತವಾದಲ್ಲಿ. ಅಂದಮೇಲೆ ತವಾದ ಅಸಲು ಎಷ್ಟಿದ್ದೀತು, ಓದುಗರೇ ಊಹಿಸಲಿ.

ಪರದೆಯ ಒಂದು ಮೂಲೆಯಲ್ಲಿ ಹೊಡೆದು ಹಾಕಿದ ದೊಡ್ಡ ಬೆಲೆ, ಪಕ್ಕದಲ್ಲಿ ಕೆಂಪಕ್ಷರದ ಸಣ್ಣ ಬೆಲೆ. ಇನ್ನೊಂದು ಮೂಲೆಯಲ್ಲಿ ಓಡುವ ಗಡಿಯಾರ, 'ಇನ್ನು ಸ್ವಲ್ಪವೇ ಉಳಿದಿದೆ' ಎಂಬ ಕೂಗು. ಕೆಳಗೆ ಫೋನ್ ನಂಬರು. ಒಂದು ಮಿಸ್ಡ್ ಕಾಲ್ ಕೊಟ್ಟರೆ ಸಾಕು, ಅವರೇ ವಾಪಸ್ ಮಾಡಿ ಕನ್ನಡದಲ್ಲೇ ಮಾತಾಡಿಸುತ್ತಾರೆ. ಕಾರ್ಡು ಬೇಡ, ಬ್ಯಾಂಕ್ ಬೇಡ, ಮುಂಗಡ ಬೇಡ. ಸಾಮಾನು ಮನೆ ಬಾಗಿಲಿಗೆ ಬಂದಾಗ ರೊಕ್ಕ ಕೊಟ್ಟರಾಯಿತು. ಈ ಒಂದು ಮಾತೇ ನಮ್ಮ ತಾಲ್ಲೂಕುಗಳನ್ನು ಗೆದ್ದದ್ದು. ವಿ.ಪಿ.ಪಿ. ಮೂಲಕ ರೇಡಿಯೋ, ಕೈಗಡಿಯಾರ, ಪುಸ್ತಕ ತರಿಸಿದ ಅನುಭವ ಹಿಂದಿನ ತಲೆಮಾರಿಗೆ ಇದ್ದೇ ಇತ್ತು. ಹೊಸ ಬಾಟಲಿ, ಹಳೇ ಕಷಾಯ.

ಗೆಲುವಿಗೆ ಇನ್ನೂ ಒಂದು ಕಾರಣವಿತ್ತು, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸಣ್ಣ ಊರಿನ ಅಂಗಡಿಯವನಿಗೆ ಎಲ್ಲರೂ ಗೊತ್ತು. ಕೂದಲು ಉದುರುತ್ತದೆ, ಎಣ್ಣೆ ಕೊಡಿ ಎಂದು ಹೊನ್ನಾಳಿ ಪೇಟೆಯಲ್ಲಿ ಕೇಳಿದರೆ ಸಂಜೆಯೊಳಗೆ ಊರಿಗೇ ಸುದ್ದಿ. ಮನೆಯಾಕೆ ತನ್ನ ಕೈಖರ್ಚಿನಲ್ಲಿ ಒಂದು ಉಮಾಗೋಲ್ಡ್ ಸರ ಕೊಂಡರೆ 'ನಿಮ್ಮ ಮನೆಯವ್ರು ಬಂದಿದ್ರು' ಎಂದು ಗಂಡನಿಗೆ ವರದಿ. ಟಿ.ವಿ. ಅಂಗಡಿ ಯಾರ ಮಗಳು, ಯಾರ ಸೊಸೆ ಎಂದು ಕೇಳಲಿಲ್ಲ. ಆ ಸ್ವಾತಂತ್ರ್ಯಕ್ಕೆ ನಮ್ಮ ಹೆಣ್ಣುಮಕ್ಕಳು ಬೆಲೆ ಕೊಟ್ಟರು. ಪೇಟೆಯವರು ಇದನ್ನು ಇವತ್ತಿಗೂ ಒಪ್ಪುವುದಿಲ್ಲ.

ಪಾರ್ಸಲ್ಲಿಗೆ ಗೊತ್ತು ಹಳೇ ಜಿಲ್ಲೆ

ಖಾಸಗಿ ಕೊರಿಯರಿನವರು ದಾವಣಗೆರೆ, ಶಿವಮೊಗ್ಗದವರೆಗೆ ಬಂದು ಕೈಚೆಲ್ಲಿದ ಕಡೆ ಪಾರ್ಸಲ್ ಹೊತ್ತದ್ದು ಅಂಚೆ ಇಲಾಖೆ. ಇಲ್ಲಿ ಒಂದು ಸ್ವಾರಸ್ಯ. ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ಆದರೆ 1972ರಲ್ಲಿ ಬಂದ ಪಿನ್‌ಕೋಡಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ! ಚನ್ನಗಿರಿ 577213, ಹೊನ್ನಾಳಿ 577217, ನ್ಯಾಮತಿ 577223. ಮೂರೂ ಶಿವಮೊಗ್ಗದ ಸಾಲಿನ ನಂಬರು. ಜಗಳೂರು 577528, ಅದು ಚಿತ್ರದುರ್ಗದ ಸಾಲು. ಮುಂಬೈ, ದೆಹಲಿಯ ಗೋದಾಮಿನವನಿಗೆ ಜೆ.ಎಚ್. ಪಟೇಲರ ಕಾಲದಲ್ಲಿ ಜಿಲ್ಲೆ ಒಡೆದದ್ದು ಗೊತ್ತಿಲ್ಲ, ಗೊತ್ತಾಗಬೇಕಿಲ್ಲ. ಹೊನ್ನಾಳಿಯ ಹೊಟ್ಟೆಯಿಂದ ನ್ಯಾಮತಿ ಬೇರೆ ತಾಲ್ಲೂಕಾದದ್ದಂತೂ ದೂರದ ಮಾತು.

ಪಾರ್ಸಲ್ ಬಂತು. ಮೊದಲು ರೊಕ್ಕ, ಆಮೇಲೆ ಪೊಟ್ಟಣ. ಒಡೆದು ನೋಡಿ ಕೊಡ್ತೀನಿ ಅಂದರೆ ಪೋಸ್ಟ್‌ಮ್ಯಾನ್ ಏನು ಮಾಡಿಯಾನು? ಅವನಿಗೆ ಅದರೊಳಗೆ ಏನಿದೆಯೆಂದೇ ತಿಳಿಯದು. ಚೆನ್ನಾಗಿದ್ದರೆ ನೆರೆಮನೆಯವರೂ ತರಿಸಿಕೊಂಡರು. ಹಾಗೆ ತರಿಸಿ ಸಂತೋಷಪಟ್ಟವರು ಕಡಿಮೆಯೇನಲ್ಲ ಎಂಬುದನ್ನೂ ಹೇಳಬೇಕು. ಕೆಟ್ಟದ್ದು ಬಂದರೆ? ಅಲ್ಲಿಂದ ಶುರು ಫಜೀತಿ. ಅದೇ ನಂಬರಿಗೆ ಫೋನ್ ಮಾಡಿದರೆ ಸಂಗೀತ ಕೇಳಿಸುತ್ತದೆ. ಒಂದನ್ನು ಒತ್ತಿ, ಎರಡನ್ನು ಒತ್ತಿ... ಕೊನೆಗೆ ಕರೆನ್ಸಿ ಖಾಲಿ. ವಾಪಸ್ ಕಳಿಸೋಣ ಅಂದರೆ ಖರ್ಚು ಯಾರದು? ಮಿಕ್ಸಿ ಜಾರಿನ ವಾಷರ್ ಹೋಯಿತೆಂದು ಅದನ್ನು ಚೀಲದಲ್ಲಿ ಹಾಕಿಕೊಂಡು ಹೋಗುವುದು ಯಾವ ಅಂಗಡಿಗೆ? ಪೇಟೆ ಅಂಗಡಿಗೇ! 'ನನ್ನತ್ರ ತಗಂಡಿದ್ದಲ್ಲ ಬಿಡ್ರಿ' ಎನ್ನಲು ಬಾಯಿ ಬರದೆ ಅಳತೆಗೆ ಹೊಂದದ ವಾಷರನ್ನೇ ಹುಡುಕಿ ಕೊಟ್ಟವರಿದ್ದಾರೆ. ಅದೂ ಉದ್ರಿ.

ಟಿ.ವಿ. ಅಂಗಡಿಗೂ ನೋವಿತ್ತು ಅನ್ನಿ. ಮನಸ್ಸು ಬದಲಾಗಿ 'ಬೇಡ' ಅಂದ ಪಾರ್ಸಲ್ಲು ಅಷ್ಟೂ ದೂರ ವಾಪಸ್ ಹೋಗಬೇಕು, ಹೋಗುವ ಬರುವ ಎರಡೂ ಖರ್ಚು ಅವರ ತಲೆಗೆ.

ಒಂದು ರಾತ್ರಿಯ ಪೆಟ್ಟು

2016ರ ನವೆಂಬರ್ 8ರ ರಾತ್ರಿ 500, 1,000ದ ನೋಟು ರದ್ದಾದವು. ಬಾಗಿಲಲ್ಲಿ ರೊಕ್ಕ ಎಣಿಸುವ ವ್ಯಾಪಾರಕ್ಕೆ ಬಿದ್ದ ಪೆಟ್ಟು ಸಣ್ಣದಲ್ಲ. ಪಾರ್ಸಲ್ ಬಂದಿದೆ, ನೋಟಿಲ್ಲ. ನಟ ಅಕ್ಷಯ್ ಕುಮಾರ್ ಪಾಲುದಾರಿಕೆಯಲ್ಲಿ 2015ರಲ್ಲಿ ಸಡಗರದಿಂದ ಶುರುವಾಗಿದ್ದ ಬೆಸ್ಟ್ ಡೀಲ್ ಟಿ.ವಿ. ಆ ನಂತರ ನಿಂತೇಹೋಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದಿತ್ತು. ಡಾಟಾ ಅಗ್ಗವಾಯಿತು, ಅಂಗಡಿ ಟಿ.ವಿ.ಯಿಂದ ಇಳಿದು ಅಂಗಿ ಜೇಬಿಗೆ ಬಂತು. 2018ರ ಹೊತ್ತಿಗೆ ಹೋಮ್‌ಶಾಪ್ 18, ಶಾಪ್ ಸಿ.ಜೆ. ಎಂಬ ಎರಡು ಹಳೇ ಎದುರಾಳಿಗಳು ಒಂದೇ ಮನೆಯಾದವು. ಬೆಳೆದು ಆದದ್ದಲ್ಲ, ಉಳಿಯಲು ಆದದ್ದು.

ಅಷ್ಟರಲ್ಲಿ ಕಾನೂನಿಗೂ ಎಚ್ಚರವಾಯಿತು. ಟಿ.ವಿ.ಯಲ್ಲಿ ಹನುಮಾನ್ ಚಾಲೀಸಾ ಯಂತ್ರ ಮಾರುತ್ತಾರೆಂದು ಮಹಾರಾಷ್ಟ್ರದ ಒಬ್ಬ ಶಿಕ್ಷಕರು ಕೋರ್ಟಿಗೆ ಹೋಗಿದ್ದರು. ದೈವಶಕ್ತಿ ಇದೆಯೆಂದು ಹೇಳಿ ಇಂಥ ವಸ್ತುಗಳ ಜಾಹೀರಾತು ಕೊಡುವುದು ಅಲ್ಲಿನ ಮಾಟಮಂತ್ರ ತಡೆ ಕಾನೂನಿಗೆ ವಿರುದ್ಧ ಎಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ 2021ರ ಜನವರಿಯಲ್ಲಿ ತೀರ್ಪು ಕೊಟ್ಟಿತು.

2022ರ ಫೆಬ್ರವರಿಯಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ನಾಪ್‌ತೋಲ್‌ಗೆ 10 ಲಕ್ಷ ರೂ. ದಂಡ ಹಾಕಿತು. ಚಿನ್ನದ ಆಭರಣದ ಜೋಡಿ, ಆಯಸ್ಕಾಂತದ ಮಂಡಿಪಟ್ಟಿ, ಆಕ್ಯುಪ್ರೆಶರ್ ಚಪ್ಪಲಿ, ಇವುಗಳ ಜಾಹೀರಾತು ದಾರಿ ತಪ್ಪಿಸುವಂಥದ್ದು ಎಂದು ಪ್ರಾಧಿಕಾರ ಹೇಳಿತು. 2021ರ ಜೂನ್‌ನಿಂದ 2022ರ ಜನವರಿ 25ರವರೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಈ ಕಂಪನಿಯ ಮೇಲೆ ಬಂದ ದೂರು 399. ಆದೇಶದ ತಿರುಳು ಇನ್ನೂ ಮಜವಾಗಿದೆ. ಕಾರ್ಯಕ್ರಮ ಮೊದಲೇ ಚಿತ್ರೀಕರಿಸಿದ್ದು, ನೇರಪ್ರಸಾರವಲ್ಲ ಎಂದು ತೋರಿಸಬೇಕು, ಸಾಮಾನು ಮುಗಿದೇಹೋಯಿತು ಎಂಬ ಕೃತಕ ಅಭಾವದ ಆಟ ನಿಲ್ಲಿಸಬೇಕು. ಆ ಓಡುವ ಗಡಿಯಾರ ನೋಡಿ ಒಲೆಯ ಮೇಲಿನ ಹಾಲು ಉಕ್ಕಿಸಿಕೊಂಡು ಫೋನಿಗೆ ಓಡಿದವರು ಏನೆನ್ನುತ್ತಾರೋ!

ದೂರು ಈಗ ದಾವಣಗೆರೆಯಲ್ಲೇ

ಮೊದಲು ಮೋಸವಾದರೆ ಮಾರಿದವನ ಊರಿಗೇ ಹೋಗಿ ಕೇಸು ಹಾಕಬೇಕೇನೋ ಎಂಬ ಹೆದರಿಕೆ ಇತ್ತು. 999 ರೂಪಾಯಿಯ ತವಾಕ್ಕೆ ಯಾರು ಮುಂಬೈಗೆ ಹೋಗುತ್ತಾರೆ? 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ರಕ್ಷಣಾ ಕಾಯ್ದೆ ಇದನ್ನು ಬದಲಿಸಿತು. ದೂರುದಾರ ಎಲ್ಲಿ ವಾಸಿಸುತ್ತಾನೋ ಅಲ್ಲಿಯ ಆಯೋಗಕ್ಕೇ ದೂರು ಕೊಡಬಹುದು. ಅಂದರೆ ಜಗಳೂರಿನವರಿಗೂ ನ್ಯಾಮತಿಯವರಿಗೂ ದಾವಣಗೆರೆಯ ಜಿಲ್ಲಾ ಗ್ರಾಹಕ ಆಯೋಗವೇ. 5 ಲಕ್ಷದವರೆಗಿನ ವ್ಯವಹಾರಕ್ಕೆ ಫೀಸೂ ಇಲ್ಲ. ಅದಕ್ಕೂ ಮೊದಲು 1915 ಎಂಬ ಸಹಾಯವಾಣಿ ಇದೆ, ಫೋನ್ ಮಾಡಿ ದೂರು ಬರೆಸಬಹುದು. ಫೋನು, ಮೊಬೈಲು, ಕಂಪ್ಯೂಟರಿನ ಜಾಲದಲ್ಲಿ ಮಾರುವ ಕಂಪನಿಗಳು ದೂರು ಬಂದ 48 ಗಂಟೆಯೊಳಗೆ ಮುಟ್ಟಿತು ಎನ್ನಬೇಕು, ತಿಂಗಳೊಳಗೆ ಬಗೆಹರಿಸಬೇಕು ಎಂದು 2020ರ ನಿಯಮವೇ ಹೇಳುತ್ತದೆ. ಬಿಲ್ಲು, ಪಾರ್ಸಲ್ ಮೇಲಿನ ಚೀಟಿ, ಫೋನ್ ಮಾಡಿದ ತಾರೀಖು ಇಟ್ಟುಕೊಂಡಿರಬೇಕು, ಅಷ್ಟೇ. ನಮ್ಮವರು ಮೊದಲು ಒಲೆಗೆ ಹಾಕುವುದೇ ಆ ರಟ್ಟಿನ ಡಬ್ಬಿಯನ್ನು.

ಇತ್ತ ಪೇಟೆಯವರೂ ಸುಮ್ಮನೆ ಕುಳಿತಿಲ್ಲ. ಹೊಸ ಸೀರೆಯ ಕಟ್ಟು ಬಿಚ್ಚಿದ ಕೂಡಲೇ ಒಂದೊಂದನ್ನೂ ಹರವಿ ಮೊಬೈಲಿನಲ್ಲಿ ಚಿತ್ರ ತೆಗೆದು ವಾಟ್ಸಾಪಿಗೆ ಹಾಕುವವರು ಈಗ ಬೇಕಾದಷ್ಟು. ಟಿ.ವಿ.ಯಾಕೆಯ ಧಾಟಿಯಲ್ಲೇ ಮಾತು, ಸೆರಗು ಹಿಡಿದು ತೋರಿಸುವುದೂ ಹಾಗೆಯೇ. ಬೆಲೆಯನ್ನೂ ಹೇಳುತ್ತಾರೆ. ಗಡಿಯಾರ ಮಾತ್ರ ಓಡುವುದಿಲ್ಲ. ಕೊನೆಗೆ ಒಂದು ಮಾತು ಸೇರಿಸುತ್ತಾರೆ: ಅಂಗಡಿ ಬಸ್ ಸ್ಟ್ಯಾಂಡ್ ಹಿಂದೆ, ಬಂದು ನೋಡ್ಕಂಡು ಹೋಗ್ರಿ.